ಆಟದ ಕಟ್ಟೆ: ಐವತ್ತು ಗೋಲ್ಡ್ ಕೂಡಿಟ್ಟೂ ಏಳನೇ ಸ್ಥಾನ ಯಾಕೆ?

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಆಟೋ ಬ್ಯಾಟ್ಲರ್ ಆಟಗಳ ಬಗ್ಗೆಯೇ ಇವೆ. ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಎಂಟು ಜನ ಆಡುತ್ತಾರೆ. ಅಂಗಡಿಯಲ್ಲಿ ಗೋಲ್ಡ್ ಕೊಟ್ಟು ಯೂನಿಟ್ (ಹೊಡೆದಾಡುವ ಪಾತ್ರ) ಕೊಂಡು ಬೋರ್ಡಿನ ಮೇಲೆ ಜೋಡಿಸುವುದಷ್ಟೇ ನಿಮ್ಮ ಕೆಲಸ, ಹೊಡೆದಾಟ ತಾನಾಗಿಯೇ ನಡೆಯುತ್ತದೆ. ಚೀನಾದ ಡ್ರೊಡೊ ಸ್ಟುಡಿಯೊ 2019ರ ಜನವರಿಯಲ್ಲಿ ಡೋಟಾ 2 ಎಂಬ ಆಟದ ಒಳಗೆ ಕಟ್ಟಿದ 'ಡೋಟಾ ಆಟೋ ಚೆಸ್' ಈ ಜಾತಿಯ ಆಟಗಳಿಗೆ ದಾರಿ ಮಾಡಿತು. ಅದೇ ವರ್ಷ ಜೂನ್‌ನಲ್ಲಿ ರಯಟ್‌ನ ಟೀಮ್‌ಫೈಟ್ ಟ್ಯಾಕ್ಟಿಕ್ಸ್ (ನಮ್ಮ ಹುಡುಗರ ಬಾಯಲ್ಲಿ ಟಿಎಫ್‌ಟಿ), ನವೆಂಬರ್‌ನಲ್ಲಿ ಹಾರ್ತ್‌ಸ್ಟೋನ್‌ನ ಬ್ಯಾಟಲ್‌ಗ್ರೌಂಡ್ಸ್ ಬಂದವು. ಕೆಳಗಿನ ಅಂಕಿಗಳಲ್ಲಿ ಕೆಲವು ಸೀಸನ್‌ನಿಂದ ಸೀಸನ್‌ಗೆ ಬದಲಾಗುತ್ತವೆ. ಅಂಥ ಕಡೆ ಲೆಕ್ಕ ಹಾಕುವ ದಾರಿ ನೋಡಿಕೊಳ್ಳಿ, ಅಂಕಿಯನ್ನು ಆಟದೊಳಗೇ ಪರೀಕ್ಷಿಸಿಕೊಳ್ಳಿ.

ಪ್ರಶ್ನೆ: ಟಿಎಫ್‌ಟಿಯಲ್ಲಿ ಬಡ್ಡಿ ಬಿಡಬಾರದು ಅಂತ ಎಲ್ಲರೂ ಹೇಳ್ತಾರೆ. ನಾನು ಪ್ರತಿ ಆಟದಲ್ಲೂ 50 ಗೋಲ್ಡ್ ಮುಟ್ಟಿಸ್ತೇನೆ. ಆದ್ರೂ ಆರನೇದೋ ಏಳನೇದೋ ಜಾಗ. ಎಂತ ತಪ್ಪು ಮಾಡ್ತಿದ್ದೇನೆ ಮಾರಾಯ್ರೆ?
— ಪದವಿ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಕೂಡಿಡುವುದನ್ನು ಕಲಿತಿದ್ದೀರಿ, ಖರ್ಚು ಮಾಡುವುದನ್ನು ಕಲಿತಿಲ್ಲ. ಅಡಿಕೆ ರೇಟು ಇನ್ನೂ ಏರುತ್ತದೆ ಎಂದು ಮೂಟೆ ಕಟ್ಟಿಟ್ಟು, ಕೊನೆಗೆ ಹುಳ ಹಿಡಿಸಿಕೊಂಡವರ ಕಥೆ ನಿಮ್ಮದು.

ಮೊದಲು ಆದಾಯದ ಲೆಕ್ಕ. ಶುರುವಿನ ಒಂದೆರಡು ಸುತ್ತು ಬಿಟ್ಟರೆ ಪ್ರತಿ ಸುತ್ತಿಗೆ ಖಾಯಂ 5 ಗೋಲ್ಡ್. ಕೈಯಲ್ಲಿರುವ ಪ್ರತಿ 10ಕ್ಕೆ 1ರಂತೆ ಬಡ್ಡಿ, ಹೆಚ್ಚೆಂದರೆ 5. ಇನ್ನೊಬ್ಬ ಆಟಗಾರನ ಎದುರು ಗೆದ್ದರೆ 1. ಸಾಲಾಗಿ ಗೆದ್ದರೂ ಸಾಲಾಗಿ ಸೋತರೂ ಸ್ಟ್ರೀಕ್ ಲೆಕ್ಕದಲ್ಲಿ 1ರಿಂದ 3. ಹಾಗಾಗಿ ಒಂದು ಗೆಲುವು ಒಂದು ಸೋಲು ಎಂದು ಅಡ್ಡಾಡುವವನ ಗಳಿಕೆಯೇ ಎಲ್ಲರಿಗಿಂತ ಕಡಿಮೆ. 50 ದಾಟಿದ ಮೇಲೆ ಮೇಲಿನ ಒಂದು ಗೋಲ್ಡೂ ಬಡ್ಡಿ ತರುವುದಿಲ್ಲ. 63 ಇಟ್ಟುಕೊಂಡು ಕೂತವನು 13 ಗೋಲ್ಡನ್ನು ಸುಮ್ಮನೆ ಅಟ್ಟಕ್ಕೆ ಹಾಕಿದಂತೆ.

ಈಗ ಸೋಲಿನ ಬೆಲೆ. ಸೋತಾಗ ಹೋಗುವ ಪ್ರಾಣ ಎಂದರೆ ಆ ಹಂತಕ್ಕೆ ನಿಗದಿಯಾದ ಒಂದು ಮೊತ್ತ, ಅದರ ಮೇಲೆ ಎದುರಾಳಿಯ ಕಡೆ ಉಳಿದ ಯೂನಿಟ್‌ಗಳ ಲೆಕ್ಕ. ಎರಡನೇ ಹಂತದಲ್ಲಿ ಇದು ನಾಲ್ಕೈದರ ಆಸುಪಾಸು, ಐದನೇ ಹಂತಕ್ಕೆ ಬಂದರೆ ಹತ್ತು ದಾಟುತ್ತದೆ. ಅಂದರೆ ಬೇಗ ಸೋಲುವುದು ಅಗ್ಗ, ತಡವಾಗಿ ಸೋಲುವುದು ದುಬಾರಿ. ನೀವು 4-2ಕ್ಕೆ (ನಾಲ್ಕನೇ ಹಂತದ ಎರಡನೇ ಸುತ್ತು) 50 ಗೋಲ್ಡ್, 45 ಪ್ರಾಣ, ಸೋಲುವ ಬೋರ್ಡ್ ಇಟ್ಟುಕೊಂಡು ಬಂದಿರಿ ಎನ್ನೋಣ. ಹೀಗೇ ಹೋದರೆ ನಿಮಗೆ ಉಳಿದದ್ದು ನಾಲ್ಕು ಸೋಲು. ಆ ನಾಲ್ಕು ಸುತ್ತಿನ ಬಡ್ಡಿ 20 ಗೋಲ್ಡ್, ಅಂದರೆ ಹತ್ತು ರೋಲ್ (2 ಗೋಲ್ಡ್ ಕೊಟ್ಟು ಅಂಗಡಿಯ ಯೂನಿಟ್‌ಗಳನ್ನು ಬದಲಿಸಿಕೊಳ್ಳುವುದು). ಹತ್ತು ರೋಲ್‌ಗಾಗಿ ಇಡೀ ಪ್ರಾಣ ಕೊಟ್ಟಿರಿ. ಅದರ ಬದಲು ಅಲ್ಲೇ 30 ಖರ್ಚು ಮಾಡಿದರೆ ಹದಿನೈದು ಅಂಗಡಿ ನೋಡುತ್ತೀರಿ, ಕೈಯಲ್ಲಿ 20 ಉಳಿಯುತ್ತದೆ, ಬಡ್ಡಿಯೂ ಪೂರ್ತಿ ನಿಲ್ಲುವುದಿಲ್ಲ.

ಎಲ್ಲಿಯವರೆಗೆ ರೋಲ್ ಮಾಡಬೇಕು? ಬೋರ್ಡ್ ಚೆಂದ ಆಗುವವರೆಗಲ್ಲ, ಲಾಬಿಯ (ಒಂದು ಆಟಕ್ಕೆ ಕೂಡಿದ ಎಂಟು ಜನರ ಗುಂಪು) ಅರ್ಧ ಜನರನ್ನು ಸೋಲಿಸಬಲ್ಲದು ಅನ್ನಿಸುವವರೆಗೆ. ಅಷ್ಟಕ್ಕೆ ನಿಲ್ಲಿಸಿ. ಪೆಟ್ಟು ತಡೆಯುವ ಮುಖ್ಯ ಟ್ಯಾಂಕ್ ಒಂದು, ಹೊಡೆಯುವ ಕ್ಯಾರಿ ಒಂದು, ಇವೆರಡು 2 ಸ್ಟಾರ್ (ಒಂದೇ ಯೂನಿಟ್ಟಿನ ಮೂರು ಪ್ರತಿ ಕೂಡಿದ್ದು) ಆದರೆ ಬಹುಪಾಲು ಆಟಗಳಲ್ಲಿ ಸಾಕು.

ಲೆವೆಲ್ (ಬೋರ್ಡಿನ ಮೇಲೆ ಎಷ್ಟು ಯೂನಿಟ್ ಇಡಬಹುದು ಎಂಬ ಲೆಕ್ಕ) ಏರಿಸುವ ಸಾಧಾರಣ ಗತಿ ಇದು: 2-1ಕ್ಕೆ 4, 2-5ಕ್ಕೆ 5, 3-2ಕ್ಕೆ 6, 4-1ರ ಹೊತ್ತಿಗೆ 7. ಪ್ರತಿ ಸುತ್ತಿಗೆ 2 ಎಕ್ಸ್‌ಪಿ (ಲೆವೆಲ್ ಏರಿಸುವ ಅಂಕ) ಪುಕ್ಕಟೆ, ಮಿಕ್ಕದ್ದು 4 ಗೋಲ್ಡ್‌ಗೆ 4ರಂತೆ. 5ರಿಂದ 6ಕ್ಕೆ 20 ಬೇಕು, 6ರಿಂದ 7ಕ್ಕೆ 36. ಹೆಚ್ಚಾದ ಎಕ್ಸ್‌ಪಿ ಮುಂದಿನ ಲೆವೆಲ್‌ಗೆ ಹೋಗುತ್ತದೆ, ಹಾಳಾಗುವುದಿಲ್ಲ. ಸಾಲಾಗಿ ಗೆಲ್ಲುತ್ತಿದ್ದರೆ ಒಂದು ಸುತ್ತು ಮೊದಲೇ ಏರಿಸಿ. ಹೋಗುವುದು ನಾಲ್ಕೋ ಎಂಟೋ ಗೋಲ್ಡ್, ಉಳಿಯುವುದು ಸ್ಟ್ರೀಕ್ ಮತ್ತು ಪ್ರಾಣ.

ಇನ್ನೊಂದು ಸಣ್ಣ ಕೈಚಳಕ. 38 ಗೋಲ್ಡ್ ಇದ್ದು ಬೆಂಚಿನ (ಬೋರ್ಡಿಗೆ ಇಳಿಸದ ಯೂನಿಟ್‌ಗಳ ಜಾಗ) ಮೇಲೆ ಬೇಡದ 2 ಗೋಲ್ಡ್‌ನ ಯೂನಿಟ್ ಇದ್ದರೆ ಕಾಳಗ ಮುಗಿಯುವ ಮೊದಲೇ ಮಾರಿ 40 ಮುಟ್ಟಿಸಿ. 1 ಸ್ಟಾರ್ ಯೂನಿಟ್ ಕೊಂಡ ಬೆಲೆಗೇ ಹೋಗುತ್ತದೆ, ನಷ್ಟವಿಲ್ಲ. 2 ಸ್ಟಾರ್ ಆದ ಮೇಲೆ, 1 ಗೋಲ್ಡ್‌ನವನ್ನು ಬಿಟ್ಟು ಉಳಿದವುಗಳಲ್ಲಿ ಒಂದು ಗೋಲ್ಡ್ ಕಡಿತ ಇದೆ.

ಮುಂದಿನ ಐದು ಆಟಗಳಲ್ಲಿ ಮೂರು ಅಂಕಿ ಬರೆದಿಡಿ: 4-1ರಲ್ಲಿ ಪ್ರಾಣ ಎಷ್ಟು, 4-1ರಲ್ಲಿ ಲೆವೆಲ್ ಎಷ್ಟು, ಔಟ್ ಆದಾಗ ಕೈಯಲ್ಲಿ ಗೋಲ್ಡ್ ಎಷ್ಟು. ಮೂರನೆಯದು 20ಕ್ಕಿಂತ ಹೆಚ್ಚಿದ್ದರೆ ರೋಗ ಸಿಕ್ಕಿತು ಎಂದು ತಿಳಿಯಿರಿ.

ಪ್ರಶ್ನೆ: ಲೆವೆಲ್ 8ರಲ್ಲಿ ಒಂದೇ 4 ಗೋಲ್ಡ್ ಯೂನಿಟ್ಟಿಗೆ 50 ಗೋಲ್ಡ್ ಸುರಿದೆ. ಬಂದದ್ದು ಒಂದು. ಇದು ಆಟದವರ ಮೋಸ ಅಲ್ವಾ?
— ಮೊಬೈಲ್ ರಿಪೇರಿ ಅಂಗಡಿಯವರು, ಸಾಗರ

ಉತ್ತರ: ಮೋಸವಲ್ಲ, ಲೆಕ್ಕ. ಒಮ್ಮೆ ಕೈಯಾರೆ ಹಾಕಿ ನೋಡಿದರೆ ಆಮೇಲೆ ಸಿಟ್ಟು ಬರುವುದಿಲ್ಲ.

ಅಂಗಡಿಯಲ್ಲಿ ಐದು ಜಾಗ, ಒಂದು ರೋಲ್‌ಗೆ 2 ಗೋಲ್ಡ್. 50 ಗೋಲ್ಡ್‌ಗೆ 25 ಅಂಗಡಿ, ಅಂದರೆ 125 ಜಾಗ. ನಿಮ್ಮ ಲೆವೆಲ್‌ನಲ್ಲಿ 4 ಗೋಲ್ಡ್ ಯೂನಿಟ್ ಬೀಳುವ ಸಾಧ್ಯತೆ ಶೇ. 22 ಎಂದಿಟ್ಟುಕೊಳ್ಳಿ (ಸರಿಯಾದ ಅಂಕಿ ಅಂಗಡಿಯ ಮೇಲೆಯೇ ಬರೆದಿರುತ್ತದೆ). 125ರಲ್ಲಿ ಶೇ. 22 ಎಂದರೆ ಸುಮಾರು 27 ಯೂನಿಟ್. ಆ ಬೆಲೆಯವು 13 ಬಗೆ ಇದ್ದರೆ ನಿಮಗೆ ಬೇಕಾದ ಒಂದಕ್ಕೆ ಬರುವ ಪಾಲು ಸರಾಸರಿ ಎರಡು. ನಿಮಗೆ ಒಂದು ಬಂತು. ಸರಾಸರಿಗಿಂತ ಕೊಂಚ ಕಡಿಮೆ, ಅಷ್ಟೇ.

ಈ ಲೆಕ್ಕದ ತಿರುಳು ಮುಂದಿದೆ. ಕೈಯಲ್ಲಿ ಒಂದೂ ಇಲ್ಲದೆ ರೋಲ್‌ಗೆ ಇಳಿದರೆ 50 ಗೋಲ್ಡ್‌ನಲ್ಲಿ ಮೂರು ಪ್ರತಿ ಸಿಕ್ಕಿ 2 ಸ್ಟಾರ್ ಆಗುವುದು ಮೂರು ಆಟದಲ್ಲಿ ಒಂದರಲ್ಲೂ ಕಷ್ಟ. ಅದೇ ಮೊದಲೇ ಒಂದು ಜೋಡಿ ಹಿಡಿದಿಟ್ಟುಕೊಂಡು ಇಳಿದರೆ ಐದರಲ್ಲಿ ನಾಲ್ಕು ಆಟಗಳಲ್ಲಿ ಮೂರನೆಯದು ಸಿಗುತ್ತದೆ. ಗೋಲ್ಡ್ ಅಷ್ಟೇ, ಅಂಗಡಿ ಅದೇ. ಆದ್ದರಿಂದ ಹೆಸರು ಹಿಡಿದುಕೊಂಡು ರೋಲ್ ಮಾಡಬೇಡಿ. ಬೋರ್ಡಿಗೆ ಒಗ್ಗುವ ಎರಡು ಮೂರು 4 ಗೋಲ್ಡ್ ಯೂನಿಟ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಯಾವುದರ ಜೋಡಿ ಮೊದಲು ಕೂಡುತ್ತದೋ ಆ ಕಡೆ ವಾಲಿ.

ಇನ್ನು ಪೂಲ್ ವಿಷಯ. ಅಂಗಡಿ ಎಂಟೂ ಜನರಿಗೆ ಒಂದೇ ಕಣಜ. ಚೆನ್ನೆಮಣೆ ಆಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಣೆಯ ಮೇಲೆ ಇರುವ ಕಾಯಿ ಇಷ್ಟೇ, ಎದುರಿನವರ ಮನೆಗೆ ಹೋದದ್ದು ನಿಮ್ಮ ಕೈಗೆ ಸಿಗದು. ಒಂದು 4 ಗೋಲ್ಡ್ ಯೂನಿಟ್ಟಿಗೆ ಒಟ್ಟು 10 ಪ್ರತಿ ಇರುವ ಸೀಸನ್‌ನಲ್ಲಿ ಬೇರೆಯವರು ಐದು ಹಿಡಿದಿದ್ದಾರೆ, ನಿಮ್ಮಲ್ಲಿ ಎರಡಿವೆ ಎಂದರೆ ಉಳಿದದ್ದು ಮೂರು. ಆಗ ಅದೇ 50 ಗೋಲ್ಡ್‌ಗೆ ಮೂರನೆಯದು ಸಿಗುವುದು ಅರ್ಧಕ್ಕರ್ಧ. ರೋಲ್‌ಗೆ ಮೊದಲು ಏಳೂ ಜನರ ಬೋರ್ಡ್ ಮತ್ತು ಬೆಂಚ್ ಎಣಿಸಿ. ಇಪ್ಪತ್ತು ಸೆಕೆಂಡ್ ಸಾಕು. ಮೊಬೈಲ್‌ನಲ್ಲಾದರೆ ಪಕ್ಕದ ಚಿತ್ರ ಒತ್ತಿದರೆ ಆಯಿತು. ಯಾರಾದರೂ ಔಟ್ ಆದ ಕೂಡಲೇ ಅವರ ಯೂನಿಟ್‌ಗಳೆಲ್ಲ ಪೂಲ್‌ಗೆ ವಾಪಸ್ ಬೀಳುತ್ತವೆ. ನಿಮ್ಮ ಯೂನಿಟ್ ಹಿಡಿದು ಕೂತವನು 6 ಪ್ರಾಣದಲ್ಲಿ ನೇತಾಡುತ್ತಿದ್ದರೆ, ನಿಮಗೆ ಒಂದು ಸುತ್ತು ತಾಳುವ ಶಕ್ತಿ ಇದ್ದರೆ, ಕಾಯುವುದೇ ಜಾಣತನ.

ಅಗ್ಗದ ಯೂನಿಟ್ 3 ಸ್ಟಾರ್ ಮಾಡುವವರಿಗೆ ಒಂದು ಮಾತು. ಅದಕ್ಕೆ ಒಂಬತ್ತು ಪ್ರತಿ ಬೇಕು. 1 ಗೋಲ್ಡ್‌ನವು ಲೆವೆಲ್ 4ರಲ್ಲಿ ಶೇ. 55, 5ರಲ್ಲಿ ಶೇ. 45ರಷ್ಟು ಬೀಳುತ್ತವೆ, ಆಮೇಲೆ ಇಳಿಮುಖ. ಅವನ್ನು ಹುಡುಕುವವರು ಅಲ್ಲೇ ನಿಲ್ಲಬೇಕು. 2 ಗೋಲ್ಡ್‌ನವಕ್ಕೆ ಲೆವೆಲ್ 6, 3 ಗೋಲ್ಡ್‌ನವಕ್ಕೆ 7 ಸರಿಯಾದ ತಾಣ. 50 ಹಾಗೇ ಇಟ್ಟು ಮೇಲೆ ಬಂದದ್ದನ್ನಷ್ಟೇ ರೋಲ್ ಮಾಡಿ. 3 ಗೋಲ್ಡ್ ಯೂನಿಟ್ಟಿಗೆ 18 ಪ್ರತಿ ಇದ್ದು ಇಬ್ಬರು ಹುಡುಕಲು ಹೊರಟರೆ ಒಂಬತ್ತೊಂಬತ್ತಕ್ಕೆ ಪೂಲ್ ಬರಿದು. ಮೂರನೆಯವರು ಆ ದಾರಿ ಹಿಡಿಯಲೇಬಾರದು.

ಪ್ರಶ್ನೆ: ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಯಾವಾಗ ಹೋಗುತ್ತೋ ದೇವರಿಗೇ ಗೊತ್ತು. ಕರೆಂಟ್ ಹೋದರೆ ಟವರ್ರೂ ಮಲಗುತ್ತೆ. ಇಂಥ ಜಾಗದಲ್ಲಿ ರ‍್ಯಾಂಕ್ ಆಡಬಹುದಾ?
— ಹೊಸನಗರದ ಹತ್ತಿರದ ಹಳ್ಳಿಯಿಂದ ಒಬ್ಬ ಓದುಗ

ಉತ್ತರ: ಗುಂಡು ಹಾರಿಸುವ ಆಟಗಳಿಗಿಂತ ಇದು ಎಷ್ಟೋ ವಾಸಿ. ಇಲ್ಲಿ ಕಾಳಗ ನಡೆಯುವುದು ಸರ್ವರ್‌ನಲ್ಲಿ. ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) 200 ಇದ್ದರೂ ನಿಮ್ಮ ಯೂನಿಟ್ ನಿಧಾನವಾಗಿ ಹೊಡೆಯುವುದಿಲ್ಲ. ಲೈನ್ ಪೂರ್ತಿ ಕಡಿದರೂ ಬೋರ್ಡ್ ತನ್ನ ಪಾಡಿಗೆ ಕಾದಾಡುತ್ತಿರುತ್ತದೆ, ಗೋಲ್ಡ್ ಮತ್ತು 2 ಎಕ್ಸ್‌ಪಿ ಬರುತ್ತಲೇ ಇರುತ್ತವೆ. ಮತ್ತೆ ಒಳಗೆ ಬಂದಾಗ ಆಟ ಅಲ್ಲೇ ಇರುತ್ತದೆ. ನಷ್ಟ ಆಗುವುದು ಅಂಗಡಿ ಹೊತ್ತಿನ ಸುಮಾರು ಮೂವತ್ತು ಸೆಕೆಂಡ್ ಕೈತಪ್ಪಿದಾಗ.

ಅದಕ್ಕೆ ಕೆಲಸದ ಕ್ರಮ ಬದಲಿಸಿಕೊಳ್ಳಿ. ಸುತ್ತು ತೆರೆದ ಕೂಡಲೇ ಮೊದಲು ಬೋರ್ಡ್ ತುಂಬಿಸಿ, ಆಮೇಲೆ ಐಟಂ (ಯೂನಿಟ್ಟಿಗೆ ತೊಡಿಸುವ ಆಯುಧ, ಕವಚ), ಆಮೇಲೆ ಲೆವೆಲ್, ಕೊನೆಗೆ ರೋಲ್. ಹೆಚ್ಚಿನವರು ಇದನ್ನು ತಲೆಕೆಳಗು ಮಾಡುತ್ತಾರೆ. ರೋಲ್ ಮಾಡುತ್ತಾ ಮೈಮರೆತು, ಹೊಸ ಯೂನಿಟ್ ಬೆಂಚಿನಲ್ಲೇ ಇರುವಾಗ ಗಂಟೆ ಬಾರಿಸುತ್ತದೆ. ಬೋರ್ಡಿನಲ್ಲಿ ಜಾಗ ಖಾಲಿ ಇದ್ದರೆ ಆಟವೇ ಬೆಂಚಿನಿಂದ ಯಾವುದನ್ನೋ ಎಳೆದು ಹಾಕುತ್ತದೆ. ಅದು ಸರಿಯಾದ ಜಾಗಕ್ಕೆ ಬೀಳುತ್ತದೆ ಎಂಬ ಭರವಸೆ ಇಲ್ಲ.

ದೊಡ್ಡ ರೋಲ್‌ಡೌನ್‌ಗೆ (ಒಂದೇ ಸುತ್ತಿನಲ್ಲಿ ಗೋಲ್ಡ್ ಸುರಿದು ರೋಲ್ ಮಾಡುವುದಕ್ಕೆ) ಗುಡುಗು ಕೇಳಿಸುವಾಗ ಕೈ ಹಾಕಬೇಡಿ. ವೈಫೈ ರೂಟರ್‌ಗೆ ಮಾತ್ರ ಒಂದು ಸಣ್ಣ ಬ್ಯಾಟರಿ ಬ್ಯಾಕಪ್ ಇಟ್ಟುಕೊಂಡರೆ ಅರ್ಧ ತೊಂದರೆ ಕಳೆಯುತ್ತದೆ. ಒಂದು ಆಟಕ್ಕೆ 30ರಿಂದ 40 ನಿಮಿಷ ಬೇಕು, ಅಷ್ಟು ಹೊತ್ತು ತಡೆಯುವ ಬ್ಯಾಕಪ್ ಸಾಕು. ಮಿಂಚು ಶುರುವಾದರೆ ಮಾತ್ರ ರ‍್ಯಾಂಕ್ ಮರೆತು ಪ್ಲಗ್ ಕೀಳಿ. ಪ್ಯಾಚ್ (ಆಟದ ಅಪ್‌ಡೇಟ್) ಎರಡು ವಾರಕ್ಕೊಮ್ಮೆ ಬರುತ್ತದೆ, ಪೇಟೆಗೆ ಹೋದಾಗ ಡೌನ್‌ಲೋಡ್ ಮಾಡಿಕೊಂಡು ಬನ್ನಿ.

ಅದೂ ಆಗದ ದಿನಗಳಿಗೆ 'ಸೂಪರ್ ಆಟೋ ಪೆಟ್ಸ್' ಇದೆ. ಅದರ ಅರೀನಾದಲ್ಲಿ ಎದುರಾಳಿ ನೇರ ಕೂತಿರುವುದಿಲ್ಲ, ಬೇರೆ ಯಾರೋ ಅದೇ ಸುತ್ತಿನಲ್ಲಿ ಕಟ್ಟಿದ ತಂಡದ ಜೊತೆ ನಿಮ್ಮದು ಹೊಡೆದಾಡುತ್ತದೆ. ಗಡಿಯಾರವೇ ಇಲ್ಲ. ಒಂದು ಸುತ್ತು ಆಡಿ, ಕೊಟ್ಟಿಗೆ ಕೆಲಸ ಮುಗಿಸಿ ಬಂದು ಇನ್ನೊಂದು ಆಡಬಹುದು. ಸುತ್ತಿಗೆ 10 ಗೋಲ್ಡ್, ಉಳಿಸಿದ್ದು ಮುಂದಿನ ಸುತ್ತಿಗೆ ಬರುವುದಿಲ್ಲ. ಪ್ರಾಣಿಗೆ 3, ರೋಲ್‌ಗೆ 1. ಹಾಗಾಗಿ ಮೊದಲ ಸುತ್ತಿನ ಸಹಜ ಲೆಕ್ಕ ಮೂರು ಪ್ರಾಣಿ, ಒಂದು ರೋಲ್. ಬಡ್ಡಿಯ ಯೋಚನೆ ಇಲ್ಲದ್ದರಿಂದ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಒಂದೇ ವಿಷಯದ ಅಭ್ಯಾಸಕ್ಕೆ ಒಳ್ಳೆಯ ಗರಡಿ. ಹತ್ತು ಟ್ರೋಫಿ ಗೆದ್ದರೆ ಆಟ ಗೆದ್ದಂತೆ.

ಪ್ರಶ್ನೆ: ಕ್ಯಾರಿಗೆ ಬೇಕಾದ ಐಟಂ ಕೂಡುವವರೆಗೆ ಬಿಡಿ ಭಾಗಗಳನ್ನು ಬೆಂಚಲ್ಲೇ ಇಡ್ತೇನೆ. ಗೆಳೆಯ ಬೇಡ ಅಂತಾನೆ. ಯಾರು ಸರಿ?
— ಭದ್ರಾವತಿ

ಉತ್ತರ: ಗೆಳೆಯನೇ ಸರಿ, ಆದರೆ ಪೂರ್ತಿ ಅಲ್ಲ.

ಎರಡನೇ ಹಂತದ ಹೊತ್ತಿಗೆ ಕೈಯಲ್ಲಿ ಎರಡು ಮೂರು ಬಿಡಿ ಭಾಗ ಇರುತ್ತವೆ. ಅವು ಬೆಂಚಿನಲ್ಲಿ ಕೂತಷ್ಟು ಹೊತ್ತು ನೀವು ಕೈ ಕಟ್ಟಿಕೊಂಡು ಆಡಿದಂತೆ. ಯಾವ ತಂಡಕ್ಕೂ ಒಗ್ಗುವ ಐಟಂಗಳನ್ನು ಕೂಡಲೇ ಮಾಡಿ ಹಾಕಿ. ಚೈನ್ ವೆಸ್ಟ್ ಮತ್ತು ಜೈಂಟ್ಸ್ ಬೆಲ್ಟ್ ಸೇರಿದರೆ ಸನ್‌ಫೈರ್. ಇದು ಯಾವ ಟ್ಯಾಂಕ್ ಮೇಲಿದ್ದರೂ ಸುತ್ತಲಿನವರನ್ನು ಸುಡುತ್ತದೆ, ಅವರ ಚೇತರಿಕೆಯನ್ನೂ ತಗ್ಗಿಸುತ್ತದೆ. ರಾಡ್ ಮತ್ತು ಬೆಲ್ಟ್ ಸೇರಿದರೆ ಮೊರೆಲ್ಲೊ, ಮಂತ್ರ ಹೊಡೆಯುವವರ ಕೈಗೆ ಅದೇ ಕೆಲಸ. ಎರಡು ಚೈನ್ ವೆಸ್ಟ್ ಸೇರಿದರೆ ಬ್ರ್ಯಾಂಬಲ್ ವೆಸ್ಟ್. ಬಿಎಫ್ ಸ್ವೋರ್ಡ್ ಮತ್ತು ನೆಗಟ್ರಾನ್ ಸೇರಿದರೆ ಬ್ಲಡ್‌ಥರ್ಸ್ಟರ್. ಇವು ತಪ್ಪು ಜಾಗ ಸೇರುವುದು ಬಹಳ ಅಪರೂಪ.

ಕಾಯಬೇಕಾದವು ಬೇರೆ. ಟಿಯರ್ ಎರಡು ಸೇರಿದರೆ ಬ್ಲೂ ಬಫ್, ಬೋ ಮತ್ತು ರಾಡ್ ಸೇರಿದರೆ ಗಿನ್ಸೂ. ಇವು ಕೆಲವೇ ಕ್ಯಾರಿಗಳಿಗೆ ಹೊಂದುತ್ತವೆ. ಯಾರಿಗೆ ಎಂದು ಗೊತ್ತಾಗುವ ಮೊದಲೇ ಮಾಡಿದರೆ ಆಮೇಲೆ ಐಟಂಗೆ ತಕ್ಕಂತೆ ತಂಡ ಹುಡುಕಿಕೊಂಡು ಅಲೆಯಬೇಕು. ಸ್ಪಾಟುಲಾ (ಅಪರೂಪಕ್ಕೆ ಸಿಗುವ ಬಿಡಿ ಭಾಗ) ಬಂದರಂತೂ ಅವಸರ ಬೇಡವೇ ಬೇಡ.

ಒಂದು ಯೂನಿಟ್ಟಿಗೆ ಮೂರೇ ಐಟಂ. ಶುರುವಿನಲ್ಲಿ ಐಟಂ ಹೊರುವ ಯೂನಿಟ್ ಕೊನೆಯವರೆಗೆ ಇರಬೇಕೆಂದಿಲ್ಲ. ಮಾರಿದಾಗ ಐಟಂ ನಿಮಗೇ ವಾಪಸ್ ಬರುತ್ತದೆ. ಹಾಗಾಗಿ ಕೊನೆಯ ಕ್ಯಾರಿ ಯಾವ ಬಗೆಯದೋ (ಬಾಣ ಬಿಡುವವರೋ ಮಂತ್ರದವರೋ) ಅದೇ ಬಗೆಯ ಅಗ್ಗದ ಯೂನಿಟ್ ಮೇಲೆ ಹಾಕಿ ನಡೆಸಿ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ. ಕ್ಯಾರಿಗೆ ಮೂರು ತುಂಬಿಸಿ, ಟ್ಯಾಂಕ್ ಬರಿಗೈಯಲ್ಲಿ. ಮುಂದಿನವನು ಐದು ಸೆಕೆಂಡ್‌ನಲ್ಲಿ ಬಿದ್ದರೆ ಹಿಂದಿನವನ ಮೂರು ಐಟಂ ತೋರಿಕೆಗಷ್ಟೇ. ಕ್ಯಾರಿಗೆ ಎರಡು ಆದ ಮೇಲೆ ಮೂರನೆಯದನ್ನು ಟ್ಯಾಂಕ್‌ಗೆ ಕೊಟ್ಟು ನೋಡಿ.

ಪ್ರಶ್ನೆ: ಬೋರ್ಡಿನಲ್ಲಿ ಯಾರನ್ನು ಎಲ್ಲಿ ನಿಲ್ಲಿಸಬೇಕು ಅಂತ ಸರಳವಾಗಿ ಹೇಳಿ.
— ವಿನೋಬನಗರ, ಶಿವಮೊಗ್ಗ

ಉತ್ತರ: ನಿಮ್ಮ ಪಾಲಿಗೆ ನಾಲ್ಕು ಸಾಲು, ಸಾಲಿಗೆ ಏಳು ಮನೆ. ಯೂನಿಟ್‌ಗಳು ಸಾಮಾನ್ಯವಾಗಿ ಹತ್ತಿರದವರನ್ನು ಹೊಡೆಯುತ್ತವೆ. ಟ್ಯಾಂಕ್ ಮುಂದಿನ ಸಾಲಿಗೆ, ಕ್ಯಾರಿ ಹಿಂದಿನ ಮೂಲೆಗೆ. ಇಷ್ಟು ಎಲ್ಲರಿಗೂ ಗೊತ್ತು. ಎಡವುವುದು ಎಲ್ಲಿ ಎಂದರೆ, ಎದುರಾಳಿಯ ಬೋರ್ಡ್ ಇಣುಕಿ ನೋಡುವಾಗ ಅವನ ಎಡಕ್ಕೆ ಕಂಡದ್ದು ಕಾಳಗದಲ್ಲಿ ನಿಮ್ಮ ಬಲಕ್ಕೆ ಬರುತ್ತದೆ. ಮೇಜಿನ ಆಚೆ ಕೂತವನ ಎಡಗೈ ನಿಮ್ಮ ಬಲಕ್ಕೆ ಇದ್ದಂತೆ. ಇದನ್ನು ಮರೆತು ಕ್ಯಾರಿಯನ್ನು ಸರಿಸಿ, ನೇರ ಹುಲಿಯ ಬಾಯಿಗೆ ಕೊಡುವವರು ಕಡಿಮೆಯೇನಲ್ಲ.

ಹಿಂದಿನ ಸಾಲಿಗೆ ಹಾರುವ ಯೂನಿಟ್ ಎದುರಿಗಿದ್ದರೆ ಕ್ಯಾರಿಯ ಸುತ್ತಲಿನ ಮನೆಗಳಲ್ಲಿ ಬೆಲೆಯಿಲ್ಲದ ಒಂದೆರಡನ್ನು ನಿಲ್ಲಿಸಿ. ಒಟ್ಟಿಗೆ ಹಲವರಿಗೆ ತಗಲುವ ಮಂತ್ರ ಇದ್ದರೆ ಒಂದೊಂದು ಮನೆ ಬಿಟ್ಟು ಹರಡಿ. ಕೊನೆಗೆ ಮೂವರು ನಾಲ್ವರು ಉಳಿದಾಗ ಪ್ರತಿ ಸುತ್ತಿನ ಕೊನೆಯ ಐದು ಸೆಕೆಂಡ್‌ಗೆ ಜಾಗ ಬದಲಿಸುವುದನ್ನು ಅಭ್ಯಾಸ ಮಾಡಿ. ಎದುರಿನವನೂ ಅದನ್ನೇ ಮಾಡುತ್ತಾನೆ.

ಪ್ರಶ್ನೆ: ಬ್ಯಾಟಲ್‌ಗ್ರೌಂಡ್ಸ್‌ನಲ್ಲಿ ಮೊದಲ ಐದು ಸುತ್ತಲ್ಲೇ ಹಿಂದೆ ಬೀಳ್ತೇನೆ. ಟಿಎಫ್‌ಟಿ ಥರ ಉಳಿಸ್ಬೇಕಾ?
— ಕಾಫಿ ತೋಟದ ಮನೆಯಿಂದ, ಕೊಪ್ಪ

ಉತ್ತರ: ಉಳಿಸುವ ಮಾತೇ ಇಲ್ಲ. ಅಲ್ಲಿ ಬಡ್ಡಿಯಿಲ್ಲ, ಉಳಿದ ಗೋಲ್ಡ್ ಮುಂದಿನ ಸುತ್ತಿಗೆ ಬರುವುದೂ ಇಲ್ಲ. ಮೊದಲ ಸುತ್ತಿಗೆ 3 ಗೋಲ್ಡ್, ಪ್ರತಿ ಸುತ್ತಿಗೆ ಒಂದೊಂದು ಏರಿ 10ಕ್ಕೆ ನಿಲ್ಲುತ್ತದೆ. ಮಿನಿಯನ್ (ಅಲ್ಲಿನ ಯೂನಿಟ್) ಕೊಳ್ಳಲು 3, ಮಾರಿದರೆ ಸಿಗುವುದು 1, ರಿಫ್ರೆಶ್‌ಗೆ (ಅಲ್ಲಿನ ರೋಲ್) 1. ಟ್ಯಾವರ್ನ್ (ಅಲ್ಲಿನ ಅಂಗಡಿಯ ಮಟ್ಟ) ಏರಿಸುವ ಬೆಲೆ ಮಾತ್ರ ಸುತ್ತು ಕಳೆದಂತೆ ಒಂದೊಂದು ಇಳಿಯುತ್ತದೆ. ಇಡೀ ಶುರುವಾತು ಈ ಇಳಿಕೆಯ ಮೇಲೆ ನಿಂತಿದೆ.

ನೀವು ಆರಿಸಿದ ಹೀರೋನಿಂದ ವಿಶೇಷ ಕಾರಣ ಇಲ್ಲದಿದ್ದರೆ ಹೀಗೆ ನಡೆಯಿರಿ. ಮೊದಲ ಸುತ್ತು, 3 ಗೋಲ್ಡ್: ಒಂದು ಮಿನಿಯನ್. ಎರಡನೇ ಸುತ್ತು, 4 ಗೋಲ್ಡ್: 5ರ ಬೆಲೆ 4ಕ್ಕೆ ಇಳಿದಿರುತ್ತದೆ, ಪೂರ್ತಿ ಹಾಕಿ ಎರಡನೇ ಟ್ಯಾವರ್ನ್‌ಗೆ ಏರಿ. ಮೂರನೇ ಸುತ್ತು, 5 ಗೋಲ್ಡ್: ಜೊತೆಗೆ ಇನ್ನೊಂದು ಮರಿಯನ್ನು ತರುವ ಮಿನಿಯನ್ ಮೊದಲು ಕೊಂಡಿದ್ದರೆ ಆ ಮರಿಯನ್ನು ಮಾರಿ 6 ಮಾಡಿಕೊಂಡು ಎರಡು ಕೊಳ್ಳಿ. ನಾಲ್ಕನೇ ಸುತ್ತು, 6 ಗೋಲ್ಡ್: ಎರಡು. ಐದನೇ ಸುತ್ತು, 7 ಗೋಲ್ಡ್: ಮೂರನೇ ಟ್ಯಾವರ್ನ್‌ನ 7ರ ಬೆಲೆ ಅಷ್ಟರಲ್ಲಿ 4ಕ್ಕೆ ಬಂದಿರುತ್ತದೆ. ಏರಲು 4, ಮಿನಿಯನ್‌ಗೆ 3. ಒಂದು ಗೋಲ್ಡೂ ಮಿಗುವುದಿಲ್ಲ. ನೀವು ಹಿಂದೆ ಬೀಳುತ್ತಿರುವುದು ಬಹುಶಃ ಮೂರು ನಾಲ್ಕನೇ ಸುತ್ತಿನಲ್ಲಿ ಒಂದೆರಡು ಗೋಲ್ಡನ್ನು ರಿಫ್ರೆಶ್‌ಗೆ ಚೆಲ್ಲಿ, ಕೊನೆಗೆ 2 ಗೋಲ್ಡ್ ಕೈಯಲ್ಲಿಟ್ಟುಕೊಂಡು ಸುತ್ತು ಮುಗಿಸುತ್ತಿರುವುದರಿಂದ.

ಮೂರು ಒಂದೇ ಬಗೆಯವು ಸೇರಿ ಚಿನ್ನದ ಮಿನಿಯನ್ ಆದಾಗ ಬೋರ್ಡಿಗೆ ಇಳಿಸುವ ಅವಸರ ಬೇಡ. ಇಳಿಸಿದ ಹೊತ್ತಿಗೆ ನೀವು ಯಾವ ಟ್ಯಾವರ್ನ್‌ನಲ್ಲಿದ್ದೀರೋ ಅದಕ್ಕಿಂತ ಒಂದು ಮೇಲಿನ ಮಿನಿಯನ್ ಬಹುಮಾನ. ಮುಂದಿನ ಸುತ್ತಿಗೆ ಏರುವವರಿದ್ದರೆ ಕೈಯಲ್ಲೇ ಇಟ್ಟುಕೊಳ್ಳಿ, ಏರಿದ ಮೇಲೆ ಇಳಿಸಿ. ಪ್ರಾಣಕ್ಕೇ ಸಂಚಕಾರ ಇದ್ದರೆ ಮಾತ್ರ ಈ ಮಾತು ಬಿಡಿ.

ಕಾಳಗದಲ್ಲಿ ಎಡಗಡೆಯವರು ಮೊದಲು ಹೊಡೆಯುತ್ತಾರೆ, ಹೆಚ್ಚು ಮಿನಿಯನ್ ಇರುವ ಕಡೆಯವರು ಆರಂಭಿಸುತ್ತಾರೆ. ಅಕ್ಕಪಕ್ಕದವರಿಗೂ ಪೆಟ್ಟು ಕೊಡುವವನನ್ನು ಎಡಕ್ಕಿಡಿ, ಉಳಿದವರಿಗೆ ಬಲ ತುಂಬುತ್ತಾ ಬದುಕಿರಬೇಕಾದವನನ್ನು ಬಲತುದಿಗೆ.

ಪ್ರಶ್ನೆ: ಟೈರ್ ಲಿಸ್ಟ್ (ದರ್ಜೆಪಟ್ಟಿ) ನೋಡಿ ಮೊದಲ ದರ್ಜೆಯ ಕಾಂಪ್ (ಯೂನಿಟ್‌ಗಳ ತಂಡ) ಆಡಿದ್ರೂ ಸೋಲ್ತೇನೆ.
— ಶಿಕಾರಿಪುರ

ಉತ್ತರ: ಅದೇ ಪಟ್ಟಿಯನ್ನು ನಿಮ್ಮ ಲಾಬಿಯ ಇನ್ನಿಬ್ಬರೂ ಓದಿರುತ್ತಾರೆ, ಪೂಲ್ ಒಂದೇ. ಒಂದು ಕಾಂಪ್ ಬದಲು ಮೂರು ಕಲಿಯಿರಿ: ಬಾಣದ್ದೊಂದು, ಮಂತ್ರದ್ದೊಂದು, ಅಗ್ಗದ ಯೂನಿಟ್ 3 ಸ್ಟಾರ್ ಮಾಡುವಂಥದ್ದೊಂದು. ಮೊದಲ ಐಟಂ ಭಾಗಗಳು ಮತ್ತು 2-1ರ ಆಗ್ಮೆಂಟ್ (ಆಟ ಆರಿಸಿಕೊಳ್ಳಲು ಕೊಡುವ ವರ) ನೋಡಿ ಮೂರರಲ್ಲಿ ಆರಿಸಿ. ಪಟ್ಟಿ ಯಾವ ಪ್ಯಾಚ್‌ನದು ಎಂಬುದನ್ನೂ ನೋಡಿ. ಎರಡು ಪ್ಯಾಚ್ ಹಳೆಯದಾದರೆ ಹೋದ ವರ್ಷದ ಪಂಚಾಂಗ.

ಪ್ರಶ್ನೆ: ಮಗ ಪಿಯುಸಿ. ದಿನಾ ರಾತ್ರಿ ಇದೇ ಆಟ. ಕೇಳಿದ್ರೆ "ಅಮ್ಮಾ, ಪ್ರಾಕ್ಟೀಸ್" ಅಂತಾನೆ. ಎಷ್ಟು ಆಡಿದ್ರೆ ಪ್ರಾಕ್ಟೀಸ್, ಎಷ್ಟು ಆಡಿದ್ರೆ ಚಟ? ನೀವೇ ಹೇಳಿ.
— ಒಬ್ಬ ತಾಯಿ, ಶೃಂಗೇರಿ

ಉತ್ತರ: ಅಮ್ಮಾ, ಪರೀಕ್ಷಿಸಲು ಸುಲಭದ ದಾರಿ ಇದೆ. ಆಟ ಮುಗಿದ ಮೇಲೆ "ಯಾವ ಸುತ್ತಿನಲ್ಲಿ ತಪ್ಪು ಮಾಡಿದೆ, ಅಲ್ಲಿ ಏನು ಮಾಡಬೇಕಿತ್ತು?" ಎಂದು ಕೇಳಿ. "ಲಕ್ ಇರಲಿಲ್ಲ" ಎಂದರೆ ಅದು ಪ್ರಾಕ್ಟೀಸ್ ಅಲ್ಲ. "3-2ಕ್ಕೆ ಲೆವೆಲ್ ಏರಿಸದೆ ಸ್ಟ್ರೀಕ್ ಕಳ್ಕೊಂಡೆ" ಎಂಬಂಥ ಉತ್ತರ ಬಂದರೆ ಹುಡುಗ ನಿಜವಾಗಿಯೂ ಕಲಿಯುತ್ತಿದ್ದಾನೆ. ನಿಮಗೆ ಅರ್ಥ ಆಗಬೇಕೆಂದಿಲ್ಲ, ಅವನು ತಡವರಿಸದೆ ಹೇಳುತ್ತಾನೋ ನೋಡಿ.

ಕಲಿಯುವ ದೃಷ್ಟಿಯಿಂದ ದಿನಕ್ಕೆ ಎರಡು ಆಟ ಧಾರಾಳ, ಒಂದೂಕಾಲು ಗಂಟೆ. ಜೊತೆಗೆ ಹತ್ತು ನಿಮಿಷ ನೋಟ್‌ಬುಕ್. ಸತತ ಎರಡು ಸಲ ಕೊನೆಯ ನಾಲ್ಕರಲ್ಲಿ ಬಿದ್ದ ದಿನ ಮೂರನೆಯದು ಬೇಡ. ಸಿಟ್ಟಿನಲ್ಲಿ ಆಡಿದವರು 50 ಗೋಲ್ಡನ್ನೂ ಒಂದೇ ಸುತ್ತಿನಲ್ಲಿ ಸುರಿಯುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಪೂರ್ತಿ ನಿಲ್ಲಿಸಿದರೂ ನಷ್ಟವಿಲ್ಲ. ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಸೆಟ್ ಬಂದು ಯೂನಿಟ್‌ಗಳೇ ಬದಲಾಗುತ್ತವೆ, ಎಲ್ಲರೂ ಮತ್ತೆ ಮೊದಲಿನಿಂದ ಕಲಿಯಬೇಕು.

ಪ್ರಶ್ನೆ: ಕಾಲೇಜು ಹಬ್ಬಕ್ಕೆ 16 ಜನರ ಟಿಎಫ್‌ಟಿ ಟೂರ್ನಿ ಇಡಬೇಕೆಂದಿದ್ದೇವೆ. ನಾಕೌಟ್ ಮಾಡೋಣ ಅಂದ್ರೆ ಎಂಟು ಜನ ಒಟ್ಟಿಗೆ ಆಡೋ ಆಟ. ಹೇಗೆ ಮಾಡೋದು? ಎಂಟ್ರಿ ಫೀ ಇಡಬಹುದಾ?
— ವಿದ್ಯಾರ್ಥಿಗಳು, ಶಿವಮೊಗ್ಗ

ಉತ್ತರ: ನಾಕೌಟ್ ಬೇಡ. ಒಂದು ಕೆಟ್ಟ ಆಟಕ್ಕೆ ಒಳ್ಳೆಯ ಆಟಗಾರ ಮನೆಗೆ ಹೋಗುತ್ತಾನೆ, ಈ ಆಟದಲ್ಲಿ ಅದೃಷ್ಟದ ಪಾಲು ಅಷ್ಟಿದೆ. ಅಂಕ ಪದ್ಧತಿ ಇಡಿ. ಮೊದಲ ಸ್ಥಾನಕ್ಕೆ 8, ಎರಡಕ್ಕೆ 7, ಹೀಗೆ ಇಳಿದು ಎಂಟನೆಯವರಿಗೆ 1. ಎರಡು ಲಾಬಿ, ಎಲ್ಲರಿಗೂ ಮೂರು ಆಟ, ನಂತರ ಮೇಲಿನ ಎಂಟು ಜನರಿಗೆ ಎರಡು ಆಟದ ಫೈನಲ್.

ಪ್ರತಿ ಆಟದ ನಂತರ ಲಾಬಿ ಕಲಸಿ. ಅಲ್ಲಿಯವರೆಗಿನ ಅಂಕದ ಪ್ರಕಾರ 1, 4, 5, 8, 9, 12, 13, 16ನೇ ಸ್ಥಾನದವರು ಒಂದು ಕಡೆ, 2, 3, 6, 7, 10, 11, 14, 15 ಇನ್ನೊಂದು ಕಡೆ. ಸ್ಥಾನಗಳನ್ನು ಕೂಡಿದರೆ ಎರಡೂ ಕಡೆ 68 ಬರುತ್ತದೆ, ಲಾಬಿಗಳು ಸಮತೂಕದಲ್ಲಿರುತ್ತವೆ. ಒಂದು ಲಾಬಿಯ ಅಂಕಗಳೆಲ್ಲ ಸೇರಿ 36 ಆಗಲೇಬೇಕು. ಆಗದಿದ್ದರೆ ಬರೆದುಕೊಂಡವರು ತಪ್ಪಿದ್ದಾರೆ, ಮುಂದಿನ ಆಟ ಶುರುವಾಗುವ ಮೊದಲೇ ಸರಿಪಡಿಸಿ. ಅಂಕ ಸಮ ಬಂದರೆ ಮೊದಲು ಹೆಚ್ಚು ಒಂದನೇ ಸ್ಥಾನ, ಆಮೇಲೆ ಹೆಚ್ಚು ಸಲ ಮೊದಲ ನಾಲ್ಕು, ಆಮೇಲೆ ಕೊನೆಯ ಆಟದ ಸ್ಥಾನ. ಈ ನಿಯಮವನ್ನು ಬೆಳಿಗ್ಗೆಯೇ ಗೋಡೆಗೆ ಅಂಟಿಸಿ, ಸಂಜೆ ಜಗಳ ಆಗುವುದಿಲ್ಲ.

ದೊಡ್ಡ ಟೂರ್ನಿಗಳ ಫೈನಲ್‌ನಲ್ಲಿ 'ಚೆಕ್‌ಮೇಟ್' ಎಂಬ ಪದ್ಧತಿ ಇದೆ. ನಿಗದಿತ ಅಂಕ ಮುಟ್ಟಿದ ಮೇಲೆ ಒಂದು ಆಟದಲ್ಲಿ ಮೊದಲ ಸ್ಥಾನ ಪಡೆದವರೇ ಚಾಂಪಿಯನ್. ನೋಡುವವರಿಗೆ ರೋಚಕ, ಆದರೆ ಎಷ್ಟು ಆಟಕ್ಕೆ ಮುಗಿಯುತ್ತದೆ ಎಂದು ಹೇಳಲಾಗದು. ಐದು ಗಂಟೆಗೆ ಲ್ಯಾಬ್ ಬೀಗ ಹಾಕುವ ಕಾಲೇಜಿಗೆ ಒಗ್ಗದು.

ಫೀ ವಿಷಯ: 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾನೂನು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಇ-ಸ್ಪೋರ್ಟ್ಸ್ ಅನ್ನು ಬೇರೆಯಾಗಿ ನೋಡುತ್ತದೆ. ಆದರೂ ಎಲ್ಲರಿಂದ ಹಣ ಕೂಡಿಸಿ ಗೆದ್ದವರಿಗೆ ಹಂಚುವ ಏರ್ಪಾಡು ಬೇಡ. ಫೀ ಇಲ್ಲದೆ ನಡೆಸಿ, ಬಹುಮಾನಕ್ಕೆ ಟ್ರೋಫಿಯೋ ಹೆಡ್‌ಸೆಟ್ಟೋ ಕಾಲೇಜಿನ ಕಡೆಯಿಂದ ಕೊಡಿಸಿ.

ಐದು ಆಟಕ್ಕೆ, ಒಂದಕ್ಕೆ 40 ನಿಮಿಷ, ನಡುವೆ ಹತ್ತು ನಿಮಿಷ ಬಿಡುವು ಎಂದರೆ ನಾಲ್ಕು ಗಂಟೆ, ಊಟದ ಹೊತ್ತು ಬೇರೆ. ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ. ಆಟಕ್ಕೆ ಹಿಂದಿನ ದಿನವೇ ಎಲ್ಲ ಮೆಷಿನ್‌ಗಳಲ್ಲಿ ಪ್ಯಾಚ್ ಹಾಕಿಸಿ. ಲ್ಯಾಬಿನ ರೂಟರ್ ಯುಪಿಎಸ್ ಮೇಲಿದೆಯೋ ಎಂದು ಮೇನ್ ಸ್ವಿಚ್ ಆಫ್ ಮಾಡಿಯೇ ನೋಡಿ. ಇದೆ ಎಂದು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ.